ಕಂಠಮಟ್ಟ ತುಂಬಿದ ಡಬ್ಬ

ಸೋಮವಾರ ಮಧ್ಯಾಹ್ನ ಠಾಣೆಯ ಘೋಡಬಂದರ್ ರಸ್ತೆಯ ಒಂದು ದೊಡ್ಡ ಕಚೇರಿಯ ಜನ ಬರೀ ಅನ್ನ, ಪಲ್ಯ ಉಂಡರು. ನಮ್ಮ ಸಾಂಬಾರು ಟೆಂಪೊದ ನೆಲದ ಮೇಲೆ ಹರಿದಿತ್ತು. ಅಲ್ಲಿನ ಕ್ಯಾಂಟೀನು ನೋಡಿಕೊಳ್ಳುವ ಮಾನಸಿ ಫೋನು ಮಾಡಿ, ಮರಾಠಿಯಲ್ಲಿ, ಬಹಳ ಮರ್ಯಾದೆಯಿಂದ ನನ್ನ ಮಾನ ಕಳೆದಳು. ಬೈದಿದ್ದರೆ ನಾನೂ ಬೈಯಬಹುದಿತ್ತು. ಮರ್ಯಾದೆಗೆ ಮರ್ಯಾದೆಯಿಂದಲೇ ಕ್ಷಮೆ ಕೇಳಬೇಕಾಯಿತು.

ನಾನು ಜಯಲತಾ, ರಬಾಳೆಯ ಕಾರ್ಖಾನೆಗಳ ನಡುವಿನ ಈ ದೊಡ್ಡ ಅಡಿಗೆಮನೆಯ ಮ್ಯಾನೇಜರು. ಇಲ್ಲಿಂದ ಕಚೇರಿಗಳಿಗೆ, ಫ್ಯಾಕ್ಟರಿಗಳಿಗೆ ಮಧ್ಯಾಹ್ನದ ಊಟ ಹೋಗುತ್ತದೆ. ಒಳಗೆ ಒಲೆಯ ಮುಂದಿರುವವರೆಲ್ಲ ನಮ್ಮ ಉಡುಪಿ ಕಡೆಯವರು. ಅವರಿಗೆ ಲೀಲಾಧರಣ್ಣ ಮುಖ್ಯಸ್ಥ. ಹೊರಗೆ ಡಬ್ಬ ಹೊತ್ತು, ಟೆಂಪೊಗೆ ಏರಿಸಿ, ಮುಟ್ಟಿಸಿ ಬರುವವರು ಕಲಬುರಗಿ ಕಡೆಯವರು, ಅವರಿಗೆ ಚಂದ್ರಾಮ. ನಡುವೆ ಒಂದು ಶಟರು. ಎರಡೂ ಕಡೆಯವರು ಮಾತು ಬಿಟ್ಟು ಬಹಳ ಕಾಲವಾಗಿತ್ತು. ಒಬ್ಬರಿಗೊಬ್ಬರು ಹೇಳಬೇಕಾದದ್ದನ್ನೆಲ್ಲ ನನಗೆ ಹೇಳುತ್ತಿದ್ದರು. ಮ್ಯಾನೇಜರು ಎಂದು ಕರೆಸಿಕೊಂಡು ನಾನು ಮಾಡುತ್ತಿದ್ದದ್ದು ಅಂಚೆಯ ಕೆಲಸ.

ಅಂದು ಸಂಜೆ ಮಾಲೀಕರಾದ ಯೋಗೀಶ್ ನನ್ನನ್ನು ಕರೆದರು.

"ಇದೇನು ಫಸ್ಟ್ ಟೈಮ್ ಅಲ್ಲ ಜಯಲತಾ. ಗುರುವಾರ ಆ ಆಫೀಸಿನವರ ದೊಡ್ಡ ಊಟ ಉಂಟು, ಸಾಹೇಬ ಲೋಗ್ ಎಲ್ಲ ಬರ್ತಾರೆ. ಅದೂ ಹಾಳಾದ್ರೆ ಕಾಂಟ್ರಾಕ್ಟ್ ಗಯಾ ಸಮಝೋ. ಲೋಡಿಂಗಿನವರನ್ನು ಪೂರಾ ಬದಲಿ ಮಾಡುವ. ಆಳು ಕಳಿಸುವ ಒಬ್ಬ ಠೇಕೇದಾರನ ಹತ್ರ ಮಾತಾಡಿದ್ದೇನೆ."

"ತಪ್ಪು ಲೋಡಿಂಗಿನವರದ್ದೇ ಅಂತ ಯಾರು ಹೇಳಿದ್ದು ಸರ್?"

"ಲೀಲಾಧರ ಹೇಳಿದ."

ನನಗೆ ಮೈ ಉರಿಯಿತು. ಈ ಅಡಿಗೆಮನೆ ಶುರುವಾದ ದಿನದಿಂದ ಚಂದ್ರಾಮನ ತಂಡ ಇಲ್ಲಿದೆ. ಕೆಲಸ ಹೋದರೆ ಆ ಮನೆಗಳ ಒಲೆ ಆರುತ್ತದೆ. ಗುರುವಾರದ ಊಟ ಮುಗಿಯುವ ತನಕ ಯಾರನ್ನೂ ತೆಗೆಯಬೇಡಿ, ಆ ಊಟದ ಹೊಣೆ ನನ್ನದು ಎಂದೆ. ಯೋಗೀಶ್ ಒಪ್ಪಿದರು. ಒಪ್ಪಿದ ರೀತಿ ಮಾತ್ರ ನನಗೆ ಹಿಡಿಸಲಿಲ್ಲ.

ಮರುದಿನ ಬೆಳಿಗ್ಗೆಯೇ ಎಲ್ಲರನ್ನೂ ಕೂಡಿಸಿ, ಚಹಾ ಕೊಟ್ಟು, ಮನಸ್ಸು ಬಿಚ್ಚಿ ಮಾತಾಡಿ ಎಂದೆ. ನಗರದ ದೊಡ್ಡ ಕಂಪನಿಗಳಲ್ಲಿ ಹಾಗೆ ಮಾಡುತ್ತಾರಂತೆ. ಅಡಿಗೆಯವರು ಒಂದು ಕಡೆ ಕೂತು ತುಳುವಿನಲ್ಲಿ ಮಾತಾಡಿಕೊಂಡರು. ಲೋಡಿಂಗಿನವರು ಇನ್ನೊಂದು ಕಡೆ ಕೂತು ಮೊಬೈಲು ನೋಡಿದರು. ಚಹಾ ಚೆನ್ನಾಗಿತ್ತು, ಅಷ್ಟೇ. ನಾನು ಗಂಟಲು ಹರಿಯುವಂತೆ ಕೂಗಾಡಿದೆ. ಅದರಿಂದ ನನ್ನ ಗಂಟಲು ಕೆಟ್ಟಿತೇ ಹೊರತು ಬೇರೆ ಏನೂ ಆಗಲಿಲ್ಲ.

ಕೂಗಿ ಸುಸ್ತಾದ ಮೇಲೆ ಸುಮ್ಮನೆ ಶಟರಿನ ಬಳಿ ಹೋಗಿ ನಿಂತೆ. ಮಾತಾಡದೆ ನಿಲ್ಲುವುದು ನನಗೆ ಅಭ್ಯಾಸವಿಲ್ಲದ ಕೆಲಸ. ಆದರೆ ನಿಂತದ್ದಕ್ಕೆ ಕಣ್ಣಿಗೆ ಕೆಲಸ ಸಿಕ್ಕಿತು.

ಲೀಲಾಧರಣ್ಣ ಸಾಂಬಾರನ್ನು ದೊಡ್ಡ ಉಕ್ಕಿನ ಡಬ್ಬಗಳಿಗೆ ತುಂಬುತ್ತಿದ್ದರು. ಡಬ್ಬ ತುಂಬಿತು. ತುಂಬಿದ ಮೇಲೆ ಇನ್ನೊಂದು ಸೌಟು ಹಾಕಿದರು, ದೇವರಿಗೆ ಕೈಮುಗಿಯುವವರ ಹಾಗೆ, ಭಕ್ತಿಯಿಂದ. ಮುಚ್ಚಳ ಸರಿಯಾಗಿ ಕೂರಲಿಲ್ಲ. ಅಂಗೈಯಿಂದ ಒತ್ತಿ, ಬದಿಯ ಕ್ಲಿಪ್ಪುಗಳನ್ನು ಹೇಗೋ ಸಿಕ್ಕಿಸಿ ಹೊರಗೆ ತಳ್ಳಿದರು.

"ಅಷ್ಟು ಯಾಕೆ ಲೀಲಾಧರಣ್ಣ? ಸ್ವಲ್ಪ ಕಡಿಮೆ ಹಾಕಬಾರದಾ?" ಎಂದೆ.

ನನ್ನ ಕಡೆ ನೋಡಿದ ನೋಟದಲ್ಲಿ ಕನಿಕರವಿತ್ತು. "ಎಂತ ಮಾತಾಡ್ತೀರಿ ಜಯಕ್ಕ. ಡಬ್ಬ ಕಂಠಮಟ್ಟ ಇರಬೇಕು. ತೆಗೆದಾಗ ಕೆಳಗೆ ಕಂಡ್ರೆ, ಉಣ್ಣುವವರಿಗೆ ಎಂತ ಅನ್ನಿಸ್ತದೆ? ಇವರು ಅಳೆದು ಕೊಡುವವರು ಅಂತ. ನನ್ನ ಅಪ್ಪ ಮದುವೆ ಮನೆಯಲ್ಲಿ ಅಡಿಗೆ ಮಾಡುವಾಗ್ಲೂ ಹೀಗೇ ಕಳಿಸಿದ್ದು."

ಶಟರಿನ ಆಚೆ ಚಂದ್ರಾಮ ಅದೇ ಡಬ್ಬವನ್ನು ಎತ್ತಿದ. ಮುಚ್ಚಳದ ಅಂಚಿನಿಂದ ಬಿಸಿ ಸಾಂಬಾರು ಒಸರಿ ಅವನ ಕೈಮೇಲೆ ಇಳಿಯಿತು. ಅವನು ಹಲ್ಲು ಕಚ್ಚಿ ಹಾಗೆಯೇ ನಡೆದ.

"ಸೋರುತ್ತಿರುವುದು ಕಾಣುತ್ತಿದೆಯಲ್ಲ ಚಂದ್ರಾಮ. ಮುಚ್ಚಳ ತೆಗೆದು ಒಂದಿಷ್ಟು ಬೇರೆ ಪಾತ್ರೆಗೆ ಹಾಕಿ ಸರಿಯಾಗಿ ಮುಚ್ಚಬಾರದಾ?"

"ಅದ್ಹ್ಯಾಂಗ್ರಿ ಅಕ್ಕೋರ. ಮಂದಿ ಉಣ್ಣೋ ಬುತ್ತಿ ಹೊರಾಂವ ಬಿಚ್ಚಬಾರ್ದುರಿ. ನಮ್ಮವ್ವ ಹೊಲಕ್ಕ ಬುತ್ತಿ ಕಳಸ್ತಿದ್ಲು, ನಡುದಾರ್ಯಾಗ ಯಾರರ ಗಂಟು ಬಿಚ್ಚ್ಯಾರಂದ್ರ ನಮ್ಮಪ್ಪ ಮುಟ್ತಿದ್ದಿಲ್ಲ. ಕೈ ಸುಟ್ರ ಸುಡ್ಲಿ."

"ಅಡಿಗೆಯವರಿಗಾದರೂ ಹೇಳಬೇಕಿತ್ತಲ್ಲ?"

"ಅವ್ರಿಗೆ ಏನ್ ಹೇಳೂದ್ರಿ. ನಮ್ಮ ಕೈ ಸುಡಲಿ ಅಂತಾನ ಮ್ಯಾಲಮಟ ತುಂಬ್ತಾರ ಅವ್ರು. ಎಲ್ಲಾರಿಗೂ ಗೊತ್ತೈತಿ."

ನನಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು, ಜೊತೆಗೆ ನಗುವೂ ಬಂತು. ಒಬ್ಬ ಉಣ್ಣುವವರ ಮರ್ಯಾದೆಗಾಗಿ ಡಬ್ಬ ತುಂಬಿಸುತ್ತಾನೆ. ಇನ್ನೊಬ್ಬ ಉಣ್ಣುವವರ ಮರ್ಯಾದೆಗಾಗಿ ಡಬ್ಬ ತೆರೆಯುವುದಿಲ್ಲ. ಇವರಿಬ್ಬರ ಮರ್ಯಾದೆಯ ನಡುವೆ ಸಾಂಬಾರು ರಸ್ತೆಪಾಲು. ಲೀಲಾಧರಣ್ಣನ ಪ್ರಕಾರ ಲೋಡಿಂಗಿನವರು ಸೋಮಾರಿಗಳು, ಚಂದ್ರಾಮನ ಪ್ರಕಾರ ಅಡಿಗೆಯವರು ಕಟುಕರು. ಕೇಳಿ ತಿಳಿಯುವ ಗೋಜಿಗೆ ಯಾರೂ ಹೋಗಿರಲಿಲ್ಲ.

ಈ ಸಲ ನಾನು ಅಂಚೆಯ ಕೆಲಸ ಮಾಡಲಿಲ್ಲ. ಚಂದ್ರಾಮನ ರಟ್ಟೆ ಹಿಡಿದು ಶಟರಿನ ಒಳಗೆ ಎಳೆದುಕೊಂಡು ಹೋದೆ. ಅವನ ಅಂಗಿಯ ತೋಳನ್ನು ಮೇಲೆ ಸರಿಸಿದೆ. ಮಣಿಕಟ್ಟಿನಿಂದ ಮೊಣಕೈವರೆಗೆ ಹಳೆಯ ಸುಟ್ಟ ಕಲೆಗಳು, ಅವುಗಳ ಮೇಲೆ ಇಂದಿನ ಕೆಂಪು.

"ಲೀಲಾಧರಣ್ಣ, ಇದು ನಿಮ್ಮ ಸಾಂಬಾರು. ಇವನಿಗೆ ಡಬ್ಬದ ಮುಚ್ಚಳ ತೆಗೆಯಲು ಬಾರದೆ ಅಲ್ಲ. ಉಣ್ಣುವವರ ಊಟ ನಡುದಾರಿಯಲ್ಲಿ ತೆರೆಯಬಾರದು ಅಂತ ಕೈ ಸುಡಿಸಿಕೊಂಡಿದ್ದಾನೆ. ಚಂದ್ರಾಮ, ನೀನೂ ಕೇಳು. ಇವರು ನಿನ್ನ ಕೈ ಸುಡಲಿ ಅಂತ ತುಂಬಿಸುತ್ತಿಲ್ಲ. ಕಡಿಮೆ ಕಂಡರೆ ಉಣ್ಣುವವರಿಗೆ ಅವಮಾನ ಅಂತ ತುಂಬಿಸುತ್ತಿದ್ದಾರೆ."

ಲೀಲಾಧರಣ್ಣ ಆ ಕೈಯನ್ನೇ ನೋಡುತ್ತಿದ್ದರು. ನಾನು ಬಿಸಿ ಆರುವ ಮೊದಲೇ ಹೊಸ ಪದ್ಧತಿ ಹೇಳಿಬಿಟ್ಟೆ. ಸಾಂಬಾರು ಈಗಿನಷ್ಟೇ ಹೋಗಲಿ, ಡಬ್ಬ ಒಂದು ಹೆಚ್ಚಿರಲಿ. ತುಂಬುವಾಗ ಚಂದ್ರಾಮ ಪಕ್ಕದಲ್ಲಿ ನಿಂತು ಸಾಕು ಅನ್ನಬೇಕು. ಟೆಂಪೊದಲ್ಲಿ ಅಡಿಗೆಯವರೊಬ್ಬರು ಹೋಗಬೇಕು. ದಾರಿಯಲ್ಲಿ ಏನಾದರೂ ಆದರೆ ಡಬ್ಬ ತೆರೆಯುವ ಹಕ್ಕು ಅವರದ್ದು.

ಅಲ್ಲಿಯವರೆಗೆ ಮೆತ್ತಗಾಗಿದ್ದ ಲೀಲಾಧರಣ್ಣ ಸೆಟೆದು ನಿಂತರು. "ನನ್ನ ಡಬ್ಬಕ್ಕೆ ಸಾಕು ಅನ್ಲಿಕ್ಕೆ ಇವ ಯಾರು?"

"ಅದನ್ನು ಹೊರುವವನು" ಎಂದೆ.

ಅವರು ಟೋಪಿ ತೆಗೆದು ಮೇಜಿನ ಮೇಲಿಟ್ಟರು. ಕಲ್ಯಾಣದಲ್ಲಿ ತಮ್ಮನ ಹೋಟೆಲಿದೆ, ಅಲ್ಲಿ ತನಗೆ ಯಾರೂ ಸಾಕು ಅನ್ನುವುದಿಲ್ಲ ಎಂದರು. "ಹೋಗುವುದಾದರೆ ಗುರುವಾರದ ಅಡಿಗೆ ಮುಗಿಸಿ ಹೋಗಿ. ಅರ್ಧ ಅಡಿಗೆ ಬಿಟ್ಟು ಹೋದರು ಅನ್ನುವ ಮಾತು ನಿಮಗೆ ಬೇಡ" ಎಂದು ಆಫೀಸಿಗೆ ಬಂದು ಬಾಗಿಲು ಹಾಕಿಕೊಂಡು ನೀರು ಕುಡಿದೆ. ಆ ರಾತ್ರಿ ಕೋಪರಖೈರಣೆಯ ಮನೆಯಲ್ಲಿ ನನಗೆ ಊಟ ಸೇರಲಿಲ್ಲ.

ಬುಧವಾರ ಲೀಲಾಧರಣ್ಣ ಬಂದರು, ಮುಖ ಊದಿಸಿಕೊಂಡೇ ಇದ್ದರು. ಚಂದ್ರಾಮ ಕೈಕಾಲು ತೊಳೆದು ಬಂದು ಪಕ್ಕದಲ್ಲಿ ನಿಂತ. ಮೊದಲ ಡಬ್ಬಕ್ಕೆ, ಅಡಿಗೆಯವರನ್ನು ಈ ಊರಲ್ಲಿ ಕರೆಯುವ ಹಾಗೆ, ಅವನು ಹೇಳಿದ "ಸಾಕ್ರಿ ಮಹಾರಾಜ್" ಎಷ್ಟು ಮೆಲ್ಲಗಿತ್ತೆಂದರೆ ಸೌಟು ನಿಲ್ಲಲೇ ಇಲ್ಲ. ಎರಡನೆಯದಕ್ಕೆ ಸ್ವಲ್ಪ ಜೋರಾಯಿತು. ಸೌಟು ಗಾಳಿಯಲ್ಲೇ ನಿಂತಿತು. ಲೀಲಾಧರಣ್ಣ ಅದನ್ನು ಒಂದು ಕ್ಷಣ ನೋಡಿ, ಮುಂದಿನ ಡಬ್ಬಕ್ಕೆ ಸುರಿದರು.

ಗುರುವಾರ ಟೆಂಪೊದ ಜೊತೆ ಯಾರು ಹೋಗುತ್ತೀರಿ ಎಂದು ಕೇಳಿದಾಗ ಅಡಿಗೆಯವರೆಲ್ಲ ಬೇರೆ ಕಡೆ ನೋಡಿದರು. ಲೀಲಾಧರಣ್ಣ ಏಪ್ರನ್ ಬಿಚ್ಚದೆ ನಡೆದು ಹೋಗಿ, ಡ್ರೈವರಿನ ಪಕ್ಕದ ಸೀಟು ಬಿಟ್ಟು, ಹಿಂದೆ ಡಬ್ಬಗಳ ನಡುವೆ ಚಂದ್ರಾಮನ ಎದುರು ಕೂತರು. ಟೆಂಪೊ ಠಾಣೆಯ ದಾರಿ ಹಿಡಿದು ಐರೋಲಿ ಕಡೆ ತಿರುಗಿತು.

ಆಮೇಲೆ ನನ್ನ ಕೈಯಲ್ಲಿ ಏನೂ ಇರಲಿಲ್ಲ. ಘೋಡಬಂದರ್ ರಸ್ತೆ ಎಂದರೆ ಗುಂಡಿ, ಅಗೆತ, ಟ್ರಾಫಿಕ್ಕು. ನಾನು ಫೋನು ಹಿಡಿದು ಕೂತೆ. ಅಷ್ಟರಲ್ಲಿ ಗೇಟಿನಲ್ಲಿ ಗದ್ದಲವಾಯಿತು. ಠೇಕೇದಾರ ತನ್ನ ಹೊಸ ಜನರನ್ನು ಕರೆದುಕೊಂಡು ಬಂದಿದ್ದ. ಯೋಗೀಶ್ ಗುರುವಾರದ ತನಕ ಎಂದು ಒಪ್ಪಿದ್ದರು ನಿಜ. ಗುರುವಾರವೇ ಬನ್ನಿ ಎಂದು ಠೇಕೇದಾರನಿಗೆ ಹೇಳಿದ್ದರು, ಅದೂ ನಿಜ.

ನಾನು ರೇಗಿ ಯೋಗೀಶರ ಕ್ಯಾಬಿನ್ನಿಗೆ ನುಗ್ಗುವಷ್ಟರಲ್ಲಿ ಫೋನು ಬಂತು. ಮಾನಸಿ. ಒಂದು ಹನಿಯೂ ಚೆಲ್ಲಿಲ್ಲ, ಸಾಹೇಬರು ಎರಡೆರಡು ಸಲ ಸಾಂಬಾರು ಹಾಕಿಸಿಕೊಂಡರು, ಅವರ ಕಂಪನಿಯ ಠಾಣೆಯ ಇನ್ನೊಂದು ಕಚೇರಿಗೂ ನಮ್ಮಿಂದಲೇ ಊಟ ಬೇಕಂತೆ. ನನಗೆ ಅಲ್ಲೇ ಕುಣಿಯಬೇಕೆನಿಸಿತು. ಸ್ಪೀಕರು ಹಾಕಿ ಯೋಗೀಶರಿಗೂ ಕೇಳಿಸಿದೆ.

ಅವರ ಮುಖ ಅರಳಿತು, ಆದರೂ ಗೇಟಿನ ಕಡೆ ನೋಡಿದರು. "ಬಹುತ್ ಅಚ್ಛಾ. ಆದ್ರೆ ಒಂದು ದಿನ ಸರಿ ಹೋಯ್ತು ಅಂತ ಹೇಗೆ ನಂಬುವುದು? ಇವರೂ ಬಂದಾಗಿದೆ."

ಅವರನ್ನು ಹರಿದು ಮುಕ್ಕಲು ನನ್ನ ಬಾಯಲ್ಲಿ ಮಾತು ಸಿದ್ಧವಿತ್ತು. ಆಗ ಟೆಂಪೊ ಒಳಗೆ ಬಂತು, ನಾವಿಬ್ಬರೂ ಅಂಗಳಕ್ಕೆ ಇಳಿದೆವು. ಲೀಲಾಧರಣ್ಣ ಹಿಂದಿನಿಂದ ಇಳಿದರು. ಅಂಗಿಯೆಲ್ಲ ಧೂಳು, ಬೆವರು. ಗೇಟಿನಲ್ಲಿದ್ದ ಜನರನ್ನು ನೋಡಿ ಯಾರೆಂದು ವಾಚ್‌ಮನ್ನನ್ನು ಕೇಳಿದರು. ಉತ್ತರ ಕೇಳಿ ನೇರ ಯೋಗೀಶರ ಮುಂದೆ ಬಂದು ನಿಂತರು.

"ಲೋಡಿಂಗಿನವರದ್ದು ತಪ್ಪು ಅಂತ ನಿಮಗೆ ಹೇಳಿದ್ದು ನಾನು. ನಾನು ಹೇಳಿದ್ದು ಸುಳ್ಳು. ಅಲ್ಲಿ ಲಿಫ್ಟು ಕೆಟ್ಟಿತ್ತು ಮಾರಾಯ್ರೆ. ಚಂದ್ರಾಮ ಮತ್ತು ನಾನು ಡಬ್ಬದ ಒಂದೊಂದು ಹಿಡಿ ಹಿಡ್ಕೊಂಡು ಮೆಟ್ಟಿಲು ಹತ್ತಿದ್ದು. ಹೊರುವುದು ಎಂತ ಅಂತ ಇವತ್ತು ಗೊತ್ತಾಯ್ತು ನನಗೆ. ಇವರನ್ನು ತೆಗೆಯುವುದಾದ್ರೆ ನಾಳೆ ಒಲೆ ಹಚ್ಚಲಿಕ್ಕೂ ಬೇರೆ ಜನ ನೋಡಿ."

ಅವರ ಹಿಂದೆ ಅಡಿಗೆಯವರೆಲ್ಲ ಬಂದು ನಿಂತಿದ್ದರು. ಯೋಗೀಶ್ ನನ್ನ ಕಡೆ ತಿರುಗಿ, "ಇದನ್ನು ನೀವು ಹೇಳಿಕೊಟ್ಟದ್ದಾ?" ಎಂದರು.

"ಇಲ್ಲ ಸರ್" ಎಂದೆ. ನನ್ನ ಜನ್ಮದಲ್ಲಿ ಇಷ್ಟು ಚಿಕ್ಕ ಮಾತಾಡಿ ಇಷ್ಟು ಹೆಮ್ಮೆಪಟ್ಟಿರಲಿಲ್ಲ.

ಯೋಗೀಶ್ ಠೇಕೇದಾರನಿಗೆ ಕೈಮುಗಿದರು. ಬಂದವರು ದೂರದಿಂದ ಬಂದಿದ್ದರು, ಮುಖ ಬಾಡಿತ್ತು. ಲೀಲಾಧರಣ್ಣ ಅವರನ್ನು ಬರಿಹೊಟ್ಟೆಯಲ್ಲಿ ಕಳಿಸಲು ಬಿಡಲಿಲ್ಲ. "ಕೆಲಸ ಖಾಲಿ ಇಲ್ಲ. ಊಟ ಉಂಟು, ಕೂತ್ಕೊಳ್ಳಿ" ಎಂದರು.

ಅವರು ಸಾಲಾಗಿ ಕೂತರು. ಚಂದ್ರಾಮ ಕೈ ತೊಳೆದು ಬಂದು, ತನ್ನ ಜಾಗಕ್ಕೆಂದು ಬಂದಿದ್ದ ಆ ಜನರಿಗೆಲ್ಲ, ಬೇಡವೆಂದರೂ ಕೇಳದೆ ಇನ್ನೊಂದು ಸೌಟು ಬಡಿಸಿದ.