ಮಾವನ ಗೇಟಿಗೆ ಹೊಸ ಕಾರು

ನಮ್ಮ ಮನೆಯ ಪೋರ್ಟಿಕೋದಲ್ಲಿ ಪ್ರತಿ ಭಾನುವಾರ ಮೂವರು ಗಂಡಸರು ಕೂತು, ತಾವು ಕೊಳ್ಳದ ಕಾರುಗಳ ಬಗ್ಗೆ ಜಗಳಾಡುತ್ತಾರೆ. ಒಬ್ಬ ನನ್ನ ಗಂಡ. ಇನ್ನೊಬ್ಬರು ಪಕ್ಕದ ರಸ್ತೆಯ ಹಲ್ಲಿನ ಡಾಕ್ಟರು. ಮೂರನೆಯವನು ಎಲೆಕ್ಟ್ರಿಕಲ್ ಅಂಗಡಿ ಇಟ್ಟಿರುವ ಗೆಳೆಯ. ಎಲೆಕ್ಟ್ರಿಕ್ ಕಾರಿನ ಹುಚ್ಚು ಹಿಡಿದ ಮೇಲೆ ಅವನ ಹೆಂಡತಿಯೇ ಅವನನ್ನು ಬ್ಯಾಟರಿ ಅಂತ ಕರೆಯುತ್ತಾಳೆ. ಟೀ ಮಾತ್ರ ನನ್ನದು. ಅದರ ಬೆಲೆಯ ಬಗ್ಗೆ ಯಾರೂ ಚರ್ಚೆ ಮಾಡಿದ್ದು ಕಾಣೆ.

"ಡಿಕ್ಕಿ ಇಲ್ದೇ ಇರೋದು ಒಂದು ಕಾರಾ? ಹಿಂದೆ ಯಾರೋ ಕೊಯ್ದು ಹಾಕಿದ ಹಾಗಿರತ್ತೆ," ಎನ್ನುತ್ತಾರೆ ಡಾಕ್ಟರು. ಅವರದು ಸೆಡಾನ್ ಪಕ್ಷ.

"ಡಿಕ್ಕೀಲಿ ಏನು ಸಾಗಿಸ್ತೀರ ಡಾಕ್ಟ್ರೇ, ಕಿತ್ತ ಹಲ್ಲಾ?" ಎನ್ನುತ್ತಾನೆ ಬ್ಯಾಟರಿ.

"ನಿನ್ ಕಾರು ಮಧ್ಯ ದಾರೀಲಿ ಚಾರ್ಜ್ ಮುಗಿದು ನಿಂತ್ರೆ ತಳ್ಳೋಕೆ ನೀನೇ ಬರ್ತೀಯಾ? ಬೆಲೆ ಬೇರೆ! ಶೋರೂಮಲ್ಲಿ ಒಂದು ಹೇಳ್ತಾರೆ, ರಸ್ತೆಗಿಳಿಯೋ ಹೊತ್ತಿಗೆ ಇನ್ನೊಂದಾಗಿರತ್ತೆ."

"ನಂಗೆ ಎತ್ತರ ಬೇಕಪ್ಪಾ," ಇದು ನನ್ನ ಗಂಡ. "ಎತ್ತರದಲ್ಲಿ ಕೂತ್ರೆ ಮುಂದಿರೋದೆಲ್ಲಾ ಕಾಣತ್ತೆ."

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅಂತಾರಲ್ಲ, ವರ್ಷಗಟ್ಟಲೆ ಹಾಗೇ ನಡೆಯಿತು. ನಮ್ಮ ಹಳೇ ಡೀಸೆಲ್ ಕಾರು ಪಕ್ಕದಲ್ಲೇ ನಿಂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿತ್ತು.

ಈ ಜಗಳಕ್ಕೆ ನ್ಯಾಯಾಧೀಶರು ನನ್ನ ಮಾವ. ಜೀವಮಾನವಿಡೀ ಬಸ್ಸು ಓಡಿಸಿದವರು. ಕಣ್ಣಿನ ಒತ್ತಡದ ಕಾಯಿಲೆಯಲ್ಲಿ ಎರಡೂ ಕಣ್ಣು ಹೋದವು, ಆದರೆ ಕಿವಿ ಮಾತ್ರ ಹಾಗೇ ಇದೆ. ರಸ್ತೆಯಲ್ಲಿ ಏನಾದರೂ ಹಾದುಹೋದರೆ ಕುರ್ಚಿಯಿಂದಲೇ, "ಡೀಸೆಲ್ಲು. ಬೆಲ್ಟ್ ಸಡಿಲ ಆಗಿದೆ, ನೋಡಿಸ್ಕೊಳ್ಳೋಕೆ ಹೇಳ್ರೋ," ಎನ್ನುತ್ತಾರೆ. ಅವರ ತೀರ್ಪಿನ ಮೇಲೆ ಡಾಕ್ಟರು ಕೂಡ ಮೇಲ್ಮನವಿ ಹಾಕುವುದಿಲ್ಲ.

ಒಲೆ ಹತ್ತಿರ ಬೇಡ, ಮೆಟ್ಟಿಲು ಬೇಡ, ಒಬ್ಬರೇ ರಸ್ತೆಗೆ ಬೇಡ ಅಂತ ಒಂದೊಂದೇ ಕೆಲಸವನ್ನು ನಾವು ಅವರ ಕೈಯಿಂದ ಕಿತ್ತುಕೊಂಡಿದ್ದೆವು. ಉಳಿದದ್ದು ಗೇಟು. ಸಂಜೆ ಮಗ ಬರುವ ಹೊತ್ತಿಗೆ ಎರಡೂ ಬಾಗಿಲು ತೆಗೆದು, ನಟ್ಟನಡುವೆ ನಿಂತು ಕಾಯುತ್ತಾರೆ. ನಮ್ಮ ಕಾರು ತಿರುವಿನಲ್ಲಿ ಗೊರಗುಟ್ಟಿದ್ದು ಕೇಳಿದ ಕೂಡಲೇ ಕಂಬದ ಪಕ್ಕಕ್ಕೆ ಸರಿಯುತ್ತಾರೆ. ಕಾರು ಅವರ ಅಂಗಿಯನ್ನು ಸವರಿಕೊಂಡೇ ಒಳಗೆ ಬರುತ್ತದೆ. "ಸ್ವಲ್ಪ ನೋಡ್ಕೊಂಡು ಬನ್ನಿ," ಅಂದರೆ ನನ್ನ ಗಂಡನದು ಒಂದೇ ಉತ್ತರ: "ಅಪ್ಪ ಸರಿದಿರ್ತಾರೆ ಬಿಡೇ." ತಾನಾಗಿ ತೆರೆದುಕೊಳ್ಳುವ ಗೇಟು ಹಾಕಿಸೋಣ ಎಂದು ಒಮ್ಮೆ ಬಾಯಿಬಿಟ್ಟೆ. ಮಾವ ಆ ಹೊತ್ತು ಊಟಕ್ಕೇ ಏಳಲಿಲ್ಲ. ಮತ್ತೆ ನಾನು ಆ ಮಾತೆತ್ತಲಿಲ್ಲ.

ಕೊನೆಗೆ ಬ್ಯಾಟರಿ ಗೆದ್ದ. ನಮಗೆಂದು ಎತ್ತರದ, ಎಲೆಕ್ಟ್ರಿಕ್ ಕಾರು ಬುಕ್ ಆಯಿತು. ಕೂಸು ಹುಟ್ಟುವ ಮುಂಚೆ ಕುಲಾವಿ ಎಂಬಂತೆ, ಕಾರಿಗಿಂತ ಮೊದಲು ಅದರ ಮ್ಯಾಟು, ಸೆಂಟು ಮನೆಗೆ ಬಂದವು. ಎಲ್ಲರೂ ಕುಣಿಯುತ್ತಿದ್ದರೆ ನನಗೆ ಮಾತ್ರ ಒಂದೇ ಯೋಚನೆ. ಸದ್ದೇ ಮಾಡದ ಕಾರು, ಸದ್ದನ್ನೇ ನಂಬಿ ಸರಿಯುವ ಮನುಷ್ಯ. ನಾನು ಹಟ ಹಿಡಿದು, ತೋರಿಸಲೆಂದು ಶೋರೂಮಿನವರು ತಂದಿದ್ದ ಕಾರನ್ನು ಗೇಟಿನ ಮುಂದೆ ನಿಧಾನಕ್ಕೆ ಓಡಿಸಲು ಹೇಳಿದೆ. ಇಲ್ಲ, ಸದ್ದಿತ್ತು. ಮೆಲ್ಲಗೆ ಹೋಗುವಾಗ ಜನಕ್ಕೆ ಕೇಳಲಿ ಎಂದು ಕಂಪನಿಯವರೇ ಮುಂದುಗಡೆ ಒಂದು ಸಣ್ಣ ಸ್ಪೀಕರ್ ಇಟ್ಟಿರುತ್ತಾರಂತೆ.

ಮಾವ ತಲೆ ಓರೆ ಮಾಡಿ ಕೇಳಿದರು. "ದೂರದಲ್ಲಿ ಯಾರೋ ಮಿಕ್ಸಿ ಹಾಕಿದ ಹಾಗಿದೆ. ಪರವಾಗಿಲ್ಲಮ್ಮ, ಗೊತ್ತಾಗತ್ತೆ."

"ಥೂ, ಇದೊಂದು ದರಿದ್ರ ಸದ್ದು," ಎಂದು ಬ್ಯಾಟರಿ ಮುಖ ಸಿಂಡರಿಸಿದ. "ಇಷ್ಟು ಚೆನ್ನಾಗಿರೋ ಕಾರಿಗೆ ಸುಳ್ಳು ಸದ್ದು ಯಾಕೆ ಬೇಕು?" ನಾನದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಮಾವ ಗೊತ್ತಾಗತ್ತೆ ಅಂದದ್ದೇ ನನಗೆ ಸಾಕಾಗಿತ್ತು.

ಕಾರು ತರುವ ದಿನ ಮೂವರೂ ಒಟ್ಟಿಗೆ ಹೋದರು. ಡಾಕ್ಟರು ಹೋದದ್ದು ತಪ್ಪು ಹುಡುಕಲಿಕ್ಕೆ. ಸಂಜೆ ನಾನು ಮಹಡಿಯಲ್ಲಿ ಬಟ್ಟೆ ಮಡಚುತ್ತಿದ್ದಾಗ ಫೋನು ಬಂತು.

"ಏ, ಬಂದ್ವಿ, ಇನ್ನೇನು ಮನೆ ಹತ್ರಾನೇ ಇದೀವಿ!" ನನ್ನ ಗಂಡನ ದನಿಯಲ್ಲಿ ಹುಡುಗಾಟಿಕೆ. "ಏನು ಮೌನ ಅಂತೀಯ, ಬೆಣ್ಣೆ! ಆ ದರಿದ್ರ ಸದ್ದಿತ್ತಲ್ಲ, ಬ್ಯಾಟರಿ ಶೋರೂಮಿಂದ ಹೊರಗೆ ಬರ್ತಿದ್ದ ಹಾಗೇ ಅದರ ವೈರು ಕಿತ್ತು ಹಾಕ್ದ."

"ರೀ, ಮಾವ—"

"ತಿರುಗಿಸ್ತಾ ಇದೀನಿ, ಇಡು ಇಡು."

ಫೋನು ಕಟ್ಟಾಯಿತು. ಬಟ್ಟೆ ಬಿಸಾಕಿ ಬಾಲ್ಕನಿಗೆ ಓಡಿದೆ. ಕೆಳಗೆ ಮಾವ ಆಗಲೇ ಎರಡೂ ಬಾಗಿಲು ತೆಗೆದು, ಒಗೆದ ಅಂಗಿ ಹಾಕಿಕೊಂಡು, ನಟ್ಟನಡುವೆ ಕೋಲೂರಿ ನಿಂತಿದ್ದರು. ಮುಖ ಎಡಗಡೆಗಿತ್ತು, ಹಳೇ ಕಾರು ದಿನಾ ಬರುತ್ತಿದ್ದ ಕಡೆಗೆ. ಶೋರೂಮ್ ಇರುವುದು ಬಲಗಡೆ. ಬಲಗಡೆಯಿಂದ ಆ ಬಿಳೀ ಕಾರು ಬಂತು. ಸತ್ಯವಾಗಿ ಹೇಳುತ್ತೇನೆ, ಇರುವೆ ಹರಿದಷ್ಟು ಸದ್ದೂ ಇರಲಿಲ್ಲ.

ಇಳಿದು ಹೋಗಲು ಸಮಯವಿರಲಿಲ್ಲ. "ಮಾವಾ! ಸರೀರಿ! ಮಾವಾ!" ಎಂದು ಕಿರುಚಿದೆ. ಅವರು ಸರಿಯಲಿಲ್ಲ. ಕೂಗು ಎಲ್ಲಿಂದ ಬಂತೆಂದು ಮುಖ ಎತ್ತಿ, ನನ್ನ ಕಡೆ ತಿರುಗಿ, ಕಾರಿಗೆ ಬೆನ್ನು ಹಾಕಿ ನಿಂತುಬಿಟ್ಟರು. ಟೈರು ನೆಲಕ್ಕೆ ಉಜ್ಜುವ ಅಷ್ಟಿಷ್ಟು ಸದ್ದಿದ್ದರೆ ಅದನ್ನೂ ನನ್ನ ಕೂಗೇ ಮುಚ್ಚಿತೇನೋ. ಕಾರು ಗೇಟಿನೊಳಗೆ ಮೂಗು ತೂರಿಸಿತು. ಗಾಜಿನ ಹಿಂದೆ ನನ್ನ ಗಂಡ ಕಂಡ. ಹೊಸ ಬಣ್ಣಕ್ಕೆ ಕಂಬ ತಾಗೀತೆಂದು ಕುತ್ತಿಗೆ ತಿರುಗಿಸಿ ಪಕ್ಕದ ಕನ್ನಡಿಯನ್ನೇ ನೋಡುತ್ತಿದ್ದ. ಅಪ್ಪ ಸರಿದಿರ್ತಾರೆ ಬಿಡು.

ಹಿಂದಿನ ಸೀಟಿನಿಂದ ಡಾಕ್ಟರು ಮುಂದಕ್ಕೆ ಬಿದ್ದು ಅವನ ಭುಜಕ್ಕೆ ಗುದ್ದಿದ್ದು ಕಂಡಿತು. ಕಾರು ಮುಗ್ಗರಿಸಿ ನಿಂತಿತು. ಮಾವನ ಮೊಣಕಾಲಿನ ಹಿಂಬದಿಗೂ ಬಂಪರಿಗೂ ನಡುವೆ ಒಂದು ಗೇಣೂ ಇರಲಿಲ್ಲ.

ಮಾವ ಮೇಲೆ ನೋಡುತ್ತಲೇ ನಕ್ಕರು. "ಯಾಕಮ್ಮಾ ಹಾಗೆ ಕೂಗ್ತೀಯ? ಅವನಿನ್ನೂ ಬಂದಿಲ್ಲ. ಬಂದ್ರೆ ನಂಗೆ ಗೊತ್ತಾಗಲ್ವಾ?"

ನಾನು ಮೆಟ್ಟಿಲಿಳಿದು ಬರುವಷ್ಟರಲ್ಲಿ ನನ್ನ ಗಂಡ ಕಾರಿನಿಂದ ಇಳಿದಿದ್ದ. ತುಟಿ ಬಿಳಿಚಿಕೊಂಡಿತ್ತು. ಹಿಂದಿನಿಂದ ಬಂದು ತಂದೆಯ ತೋಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಅಪ್ಪಾ."

ಮಾವ ಬೆಚ್ಚಿಬಿದ್ದರು. ಆಮೇಲೆ ಅವನ ಕೈ ಸವರಿ ಗುರುತು ಹಿಡಿದರು. "ನೀನು ಯಾವಾಗ ಬಂದ್ಯೋ? ಕಾರು ಸಿಗಲಿಲ್ವಾ? ನಡ್ಕೊಂಡು ಬಂದ್ಯಾ?"

ಅವನು ಹಿಡಿದ ತೋಳನ್ನು ಬಿಡಲಿಲ್ಲ. ಬ್ಯಾಟರಿ ಯಾರ ಮುಖವನ್ನೂ ನೋಡದೆ ಬಾನೆಟ್ ಎತ್ತಿ ಆ ವೈರನ್ನು ಹುಡುಕತೊಡಗಿದ.