ಏಪ್ರಿಲ್ ಒಂದರ ವಿಮಾನ

ಶೆಟಗೇರಿಯ ಮನೆಯ ಹಿತ್ತಲಲ್ಲಿ, ತೀರಿಕೊಂಡ ಗೋದಾವರಿಯ ಹೆಸರಿಗೆ ಎಡೆ ಇಟ್ಟು ತಾಸಾಯಿತು. ಅವತ್ತು ಹನ್ನೊಂದನೆಯ ದಿನ. ಬಾಳೆಲೆಯ ಮೇಲಿನ ಅನ್ನ, ವಡೆ ಬಿಸಿಲಿಗೆ ಒಣಗಿದರೂ ನುಗ್ಗೆಮರದ ಕಾಗೆ ಇಳಿಯಲಿಲ್ಲ, ಹಾರಿಯೂ ಹೋಗಲಿಲ್ಲ. ಅದು ತನ್ನನ್ನೇ ನೋಡುತ್ತಿದೆ ಎಂದು ಅವಳ ತಮ್ಮ ಸಂದೀಪನಿಗೆ ಅನಿಸತೊಡಗಿತು. ಜಾಗ ಬದಲಿಸಿ ನಿಂತರೂ ಹಾಗೇ ಅನಿಸಿತು.

ಸತ್ತವರ ಮನಸ್ಸಿನಲ್ಲಿ ಏನಾದರೂ ಉಳಿದಿದ್ದರೆ ಕಾಗೆ ಎಡೆ ಮುಟ್ಟುವುದಿಲ್ಲ. ಅದೇನೆಂದು ಊಹಿಸಿ ಮನೆಯವರು ಬಾಯಿಬಿಟ್ಟು ಮಾತು ಕೊಡಬೇಕು. ಊರ ಹಿರಿಯ ಜಟ್ಟು ಹೇಳಿಕೊಟ್ಟಂತೆ ಸಂದೀಪ ಕೊಟ್ಟ. ಅಕ್ಕನ ಮಗಳು ಚಂದನಾಳನ್ನು ಓದಿಸುತ್ತೇನೆ, ಮದುವೆ ಮಾಡುತ್ತೇನೆ, ಮಾಡಿಗೆ ಹೊಸ ಹಂಚು ಹೊದಿಸುತ್ತೇನೆ ಎಂದ. ದುಡ್ಡಿನಿಂದ ಮುಗಿಯುವ ಮಾತು ಕೊಡುವುದು ಅವನಿಗೆ ಯಾವತ್ತೂ ಕಷ್ಟವಾಗಿರಲಿಲ್ಲ. ಕಾಗೆ ಕದಲಲಿಲ್ಲ.

ಉಳಿದದ್ದು ಏನೆಂದು ಅವನಿಗೆ ಗೊತ್ತಿತ್ತು. ಅಂಕೋಲೆಯ ಪೇಟೆಯಲ್ಲಿ ಗೇರುಬೀಜ ಮಾರಿ ಅವನನ್ನು ಓದಿಸಿದವಳು ಅಕ್ಕ. ವ್ಯಾಪಾರ ಬೆಳೆದ ಮೇಲೆ ಅವನು ತೆರಿಗೆ ಉಳಿಸಲು ದುಬೈಗೆ ಹೋಗಿ ಅಲ್ಲಿಯ ನಿವಾಸಿಯೆಂದು ರೆಸಿಡೆನ್ಸಿ ಮಾಡಿಸಿಕೊಂಡಿದ್ದ. ವರ್ಷಕ್ಕೆ ಇಂತಿಷ್ಟೇ ದಿನ ಊರಲ್ಲಿರಬಹುದು. ಮೀರಿದರೆ ಅಲ್ಲಿಯ ಗಳಿಕೆಗೂ ಇಲ್ಲಿ ತೆರಿಗೆ. ಮಾರ್ಚಿಗೆ ಮುಗಿಯುವ ತೆರಿಗೆ ವರ್ಷದ ದಿನಗಳೆಲ್ಲ ಫೆಬ್ರವರಿಗೇ ಖರ್ಚಾಗಿದ್ದವು. ಮಾರ್ಚ್ ಇಪ್ಪತ್ತಾರಕ್ಕೆ ಕಾರವಾರದ ಆಸ್ಪತ್ರೆಯಿಂದ ಚಂದನಾ ಫೋನ್ ಮಾಡಿದಾಗ, ಹೊಸ ಲೆಕ್ಕ ಶುರುವಾಗುವ ಏಪ್ರಿಲ್ ಒಂದರವರೆಗೆ ಅಕ್ಕ ತಾಳಿಯಾಳು ಎಂದುಕೊಂಡ. ವಿಮಾನದಲ್ಲಿ ಸೀಟೇ ಇಲ್ಲ ಎಂದುಬಿಟ್ಟ. ಇಪ್ಪತ್ತೊಂಬತ್ತಕ್ಕೆ ಅವಳು ಹೋದಳು. ಅವನು ಒಂದನೇ ತಾರೀಕು ಗೋವಾದಲ್ಲಿ ಇಳಿದಾಗ ಚಿತೆ ಆರಿತ್ತು.

ಅಂದಿನಿಂದ ಕಣ್ಣು ಮುಚ್ಚಿದರೆ ಸಾಕು, ಅಕ್ಕ ಹೆಸರು ಹಿಡಿದು ಕರೆಯುತ್ತಾಳೆ. ಅವನಿಗೆ ನಿಜಕ್ಕೂ ಹೆದರಿಕೆಯಾಗಿತ್ತು. ನಿಜ ಹೇಳಿದರೆ, ತನ್ನವಳೆಂದು ಉಳಿದಿರುವ, ಇಲ್ಲೇ ಪಕ್ಕದಲ್ಲಿ ನಿಂತಿರುವ ಚಂದನಾ ಒಬ್ಬಳೂ ಕೈತಪ್ಪುತ್ತಾಳೆ. ಹೇಳದಿದ್ದರೆ ಅಕ್ಕ ಹೀಗೇ ಮರದ ಮೇಲೆ.

“ಅಕ್ಕಾ, ಸೀಟು ಇತ್ತು,” ಎಂದ ಸಂದೀಪ. “ತೆರಿಗೆ ಬೀಳ್ತದೆ ಅಂತ ನಾ ಬರ್ಲಿಲ್ಲ. ಒಂದನೇ ತಾರೀಕಿಗೆ ಕಾದೆ.”

ಕಾಗೆ ಇಳಿದು ವಡೆಗೆ ಬಾಯಿ ಹಾಕಿತು. ಜಟ್ಟು ಕೈಮುಗಿದ. ಸಂದೀಪನ ಎದೆ ಹಗುರಾಯಿತು. ಅಕ್ಕ ಕ್ಷಮಿಸಿದಳು ಎಂದು ಅಳುತ್ತಲೇ ಚಂದನಾಳತ್ತ ತಿರುಗಿದ.

ಅವಳು ಕಾಗೆಯನ್ನು ನೋಡುತ್ತಿರಲಿಲ್ಲ.

“ಆಯಿ ಮೂರು ದಿವ್ಸ ಬಾಗ್ಲನ್ನೇ ನೋಡ್ತಿದ್ಲು, ಮಾವಾ,” ಎಂದಳು. “ವಿಮಾನ ಇಲ್ಲ, ಇದ್ರೆ ಅವ ಬರದೇ ಇರ್ತಿದ್ನಾ ಅಂತ ನಾನೇ ಕಿವಿ ಹತ್ರ ಹೇಳಿ ಹೇಳಿ ಮಲಗ್ಸ್ದೆ. ಅವ್ಳು ಕೊನೆಗೆ ಕೇಳ್ಸ್ಕೊಂಡಿದ್ದು ಅದೇ ಸುಳ್ಳು, ನನ್ನ ಬಾಯಿಂದ.”