ಆ ಮನೆ ಮಾರಾಟವಾಗಿರಲಿಲ್ಲ

ಭಾನುವಾರ ಮಧ್ಯಾಹ್ನ ಸ್ಮಿತಾ ಯಾರೂ ವಾಸವಿಲ್ಲದ ಮನೆಯೊಂದರ ಅಡುಗೆಮನೆಯಲ್ಲಿ ಬಿಸ್ಕತ್ತು ಬೇಯಿಸುತ್ತಿದ್ದಳು. ಮನೆ ನೋಡಲು ಬರುವವರಿಗೆ ಬಾಗಿಲಲ್ಲೇ ಆ ಪರಿಮಳ ಬಡಿದರೆ ಅರ್ಧ ಮನಸ್ಸು ಸೋತಂತೆ ಎಂದು ತ್ಯಾಗರಾಜ ಅಂಕಲ್ ಹೇಳಿಕೊಟ್ಟಿದ್ದರು. ಬಾಲ್ಟಿಮೋರ್ ಹತ್ತಿರದ ಕೊಲಂಬಿಯಾ ಊರಿನಲ್ಲಿ ಮನೆಗಳನ್ನು ಮಾರಿಸಿಕೊಡುವ ಕಚೇರಿ ಅವರದು. ಸಾವಿರದ ಒಂಬೈನೂರ ಅರವತ್ತೇಳರಲ್ಲಿ ಮೈಸೂರಿನಿಂದ ಬಂದವರು. ಸ್ಮಿತಾ ಮತ್ತು ಅವಳ ಗಂಡ ಪವನ ಈ ದೇಶಕ್ಕೆ ಬಂದಿಳಿದಾಗ ಏರ್‌ಪೋರ್ಟಿಗೆ ಬಂದು ಕರೆದೊಯ್ದವರು, ಅಪಾರ್ಟ್‌ಮೆಂಟ್ ಹುಡುಕಿಕೊಟ್ಟವರು, ಪರೀಕ್ಷೆಗೆ ಓದಿಸಿ ಅವಳಿಗೆ ಏಜೆಂಟಿನ ಲೈಸೆನ್ಸ್ ಕೊಡಿಸಿದವರು ಅವರೇ. ತೊಂಬತ್ತಮೂರರ ಆ ಬೇಸಿಗೆಯಲ್ಲಿ, ಅವಳು ಒಬ್ಬಳೇ ನಿಂತು ತೋರಿಸುತ್ತಿದ್ದ ಮೊದಲ ಮನೆ ಇದು.

ಊಟದ ಹೊತ್ತು ಕಳೆದ ಮೇಲೆ ಪೆಟಿಫೋರ್ಡ್ ದಂಪತಿ ಬಂದರು. ಕಪ್ಪು ಜನಾಂಗದವರು, ಐವತ್ತರ ಆಸುಪಾಸು. ಗಂಡ ಕರ್ಟಿಸ್‌ಗೆ ಬಾಲ್ಟಿಮೋರ್‌ನಲ್ಲಿ ಸ್ವಂತ ಮುದ್ರಣಾಲಯ. ಹೆಂಡತಿ ಲೊರೇನ್‌ಗೆ ಅಲ್ಲೇ ಒಂದು ಚರ್ಚಿನ ಮಹಡಿಯಲ್ಲಿ ನೃತ್ಯಶಾಲೆ. ಲೊರೇನ್ ನೆಲಮಾಳಿಗೆಗೆ ಇಳಿದವರೇ ಚಪ್ಪಲಿ ಕಳಚಿ ಮರದ ನೆಲದ ಮೇಲೆ ಒಮ್ಮೆ ಹಾರಿ ನೋಡಿದರು.

"ಕರ್ಟಿಸ್, ಕಾಲಿಗೆ ಪೆಟ್ಟೇ ಆಗೋದಿಲ್ಲ ನೋಡು!" ಎಂದು ನಕ್ಕು, ಸ್ಮಿತಾಳತ್ತ ತಿರುಗಿ, "ಈ ವರ್ಷ ನಮ್ಮ ಹುಡುಗಿಯೊಬ್ಬಳು ನ್ಯೂಯಾರ್ಕಿನ ದೊಡ್ಡ ಬ್ಯಾಲೆ ತಂಡಕ್ಕೆ ಸೇರಿದಳು. ನಮ್ಮ ಶಾಲೆಯಿಂದ ಮೊದಲನೆಯವಳು. ಅವಳು ರಜೆಗೆ ಬಂದಾಗ ಇಲ್ಲೇ ಅಭ್ಯಾಸ ಮಾಡಿಸುತ್ತೇನೆ" ಎಂದರು.

ಕರ್ಟಿಸ್ ಹೆಚ್ಚು ಯೋಚಿಸಲಿಲ್ಲ. ಕೇಳಿದ ಬೆಲೆಗೇ ಕೊಳ್ಳುತ್ತೇವೆ, ಇವತ್ತೇ ಮಾತಾಡೋಣ ಎಂದರು. ಸ್ಮಿತಾ ಸಂಭ್ರಮದಿಂದ ಅಡುಗೆಮನೆಯ ಫೋನಿಗೆ ಓಡಿದಳು.

"ಹೆಸರೇನಂದೆ?" ಎಂದರು ತ್ಯಾಗರಾಜ. "ನೋಡೋಕೆ ಹೇಗಿದ್ದಾರೆ?"

ಹೇಳಿದಳು.

"ಅಯ್ಯೋ, ನಿಂಗೆ ಹೇಳೋದೇ ಮರ್ತೆ ಕಣಮ್ಮ. ಬೆಳಿಗ್ಗೆನೇ ಕಾಂಟ್ರಾಕ್ಟ್ ಸೈನ್ ಆಗೋಯ್ತು. ಸಾರಿ ಹೇಳಿ ಕಳಿಸ್ಬಿಡು."

ಅವಳು ಬಂದು ಹಾಗೇ ಹೇಳಿದಳು. ಕರ್ಟಿಸ್ ಥ್ಯಾಂಕ್ಸ್ ಎಂದರು. ಲೊರೇನ್ ಅವಳ ಮುಖವನ್ನೇ ನೋಡಿ, ಚಪ್ಪಲಿ ಮೆಟ್ಟಿಕೊಂಡು ಹೊರಟರು.

ಆ ವಾರವೇ ತ್ಯಾಗರಾಜ ಸ್ಮಿತಾಳ ಮನೆಗೆ ಊಟಕ್ಕೆ ಬಂದರು. ಸಾರು ಕಲಸಿಕೊಳ್ಳುತ್ತಾ ಖುಷಿಯಿಂದ ಹೇಳಿದರು: "ಎಷ್ಟು ದಿನ ಬಾಡಿಗೆ ಕಟ್ತೀರಾ? ಮೊನ್ನೆ ನೀನೇ ತೋರಿಸಿದ್ಯಲ್ಲ, ಆ ಮನೇನ ನಿಮಗೇ ಅಂತ ಇಟ್ಕೊಂಡಿದೀನಿ. ಬೆಲೆ ಸ್ವಲ್ಪ ಇಳಿಸೋಕೂ ಮಾತಾಡಿದೀನಿ."

ಪವನನ ಮುಖ ಅರಳಿತು. ಸ್ಮಿತಾಳ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು.

"ಅದು ಸೋಲ್ಡ್ ಆಯ್ತು ಅಂದ್ರಲ್ಲ ಅಂಕಲ್?"

"ಏನೋ ಒಂದು ಹೇಳ್ಬೇಕಾಗಿತ್ತಲ್ಲಮ್ಮ ಅವರಿಗೆ." ಅವರು ದನಿ ಏರಿಸಲಿಲ್ಲ. "ಮಾರೋರು ಬಾಯಿಬಿಟ್ಟು ಹೇಳಲ್ಲ. ನಾವೇ ಅರ್ಥ ಮಾಡ್ಕೋಬೇಕು. ಆ ರಸ್ತೆಗೆ ಕಪ್ಪೋರ ಒಂದು ಫ್ಯಾಮಿಲಿ ಬಂದ್ರೆ ಅಕ್ಕಪಕ್ಕದವರು ಒಬ್ಬೊಬ್ರೇ ಮನೆ ಮಾರೋಕೆ ನಿಲ್ತಾರೆ, ಬೆಲೆ ಬಿದ್ದೋಗುತ್ತೆ. ಆಮೇಲೆ ಯಾರಮ್ಮ ನನ್ನ ನಂಬಿ ಮನೆ ಮಾರೋಕೆ ಕೊಡ್ತಾರೆ? ನಾನು ಹೊಸದಾಗಿ ಬಂದಾಗ ನನಗೂ ಹೀಗೇ ಹೇಳೋರು. ಕಿಟಕಿಯಲ್ಲಿ ಬಾಡಿಗೆಗಿದೆ ಅಂತ ಬೋರ್ಡ್ ಇರೋದು, ನನ್ನ ಮುಖ ನೋಡಿದ ತಕ್ಷಣ ಖಾಲಿ ಇಲ್ಲ ಅನ್ನೋರು. ನಾನೇನು ಜಗಳಕ್ಕೆ ಹೋದ್ನಾ? ತಲೆ ತಗ್ಗಿಸ್ಕೊಂಡು ಬೆಳೆದೆ."

"ನಿಮಗೆ ಹಾಗಂದಾಗ ಹೇಗನ್ನಿಸ್ತು ಅಂಕಲ್?"

ತ್ಯಾಗರಾಜ ತಟ್ಟೆ ನೋಡುತ್ತಾ ಅನ್ನ ಕಲಸುತ್ತಲೇ ಇದ್ದರು. "ನಾವು ಬಂದು ಸೇರ್ಕೊಂಡಿರೋರು. ಇವರಿವರ ಜಗಳ ನಮಗ್ಯಾಕೆ?" ಎಂದು ಕೈ ತೊಳೆಯಲು ಎದ್ದರು.

ಅವರು ಹೋದ ಮೇಲೆ ಪವನ ಮೆಲ್ಲಗೆ ಶುರುಮಾಡಿದ. ಅವನು ಗದಗಿನವನು, ಮನೆಯಲ್ಲಿ ಅವನ ಮಾತು ಆ ಕಡೆಯದೇ. "ತಪ್ಪು ಅಂಕಲ್‌ರದ್ದು, ನಾ ಇಲ್ಲ ಅನ್ನಂಗಿಲ್ಲ. ಆದ್ರ ನಾವ್ ಯಾರಿಗೂ ಮನಿ ಇಲ್ಲ ಅಂದಿಲ್ಲಲಾ? ನಾವ್ ಬಿಟ್ರ ಮತ್ಯಾರೋ ತಗೋತಾರ. ಅವ್ರಿಗಂತೂ ಸಿಗಂಗಿಲ್ಲ."

"ಇಲ್ಲ ಅಂದಿದ್ದು ನಾನು! ಈ ಬಾಯಲ್ಲಿ, ಅವರ ಮುಖ ನೋಡ್ಕೊಂಡು ಅಂದೆ. ನೋಡೋಕೆ ಹೇಗಿದ್ದಾರೆ ಅಂತ ಅಂಕಲ್ ಕೇಳಿದ್ರಲ್ಲ, ಆಗ್ಲಾದ್ರೂ ನಂಗೆ ತಿಳೀಬೇಕಿತ್ತು. ಆ ಮನೇಲಿ ಒಂದು ದಿನ ನಿದ್ದೆ ಮಾಡ್ತೀಯಾ ನೀನು?"

"ಗ್ರೀನ್ ಕಾರ್ಡ್ ಬರೂತನಾ ಸುಮ್ಮನಿರು ಸ್ಮಿತಾ. ಈ ಊರಾಗ ನಮಗ ಇರೂದು ಅವ್ರೊಬ್ರೇ."

ಅವಳು ಕೈಯಲ್ಲಿದ್ದ ತಟ್ಟೆಯನ್ನು ಸಿಂಕಿಗೆ ಎಸೆದಳು. ಸ್ಟೀಲಿನ ಸದ್ದು ಕೆಳಗಿನ ಮನೆಯವರಿಗೂ ಕೇಳಿರಬೇಕು. ಅಂಕಲ್ ಮೇಲೆ, ಪವನನ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಸಂಭ್ರಮದಿಂದ ಫೋನಿಗೆ ಓಡಿದ ತನ್ನ ಮೇಲೆಯೇ ಅವಳಿಗೆ ಸಿಟ್ಟು ಬಂದಿತ್ತು.

ಮರುದಿನ ಅವಳು ಬಾಲ್ಟಿಮೋರ್‌ಗೆ ಡ್ರೈವ್ ಮಾಡಿಕೊಂಡು ಹೋದಳು. ಚರ್ಚಿನ ಮಹಡಿಯಲ್ಲಿ ಪುಟ್ಟ ಹುಡುಗಿಯರು ಕಂಬಿ ಹಿಡಿದು ಸಾಲಾಗಿ ನಿಂತಿದ್ದರು. ಲೊರೇನ್ ಅವಳನ್ನು ಕಂಡವರೇ ಪಿಯಾನೊ ನಿಲ್ಲಿಸಲು ಹೇಳಿ ಮೆಟ್ಟಿಲ ಬಳಿ ಬಂದರು.

"ಆ ಮನೆ ಮಾರಾಟ ಆಗಿರಲಿಲ್ಲ" ಎಂದಳು ಸ್ಮಿತಾ.

"ನನಗೆ ಅವತ್ತೇ ಗೊತ್ತಿತ್ತು. ಗೊತ್ತಾಗದೇ ಉಳಿದದ್ದು ಒಂದೇ, ನೀನು ಅದನ್ನು ನಂಬಿ ಹೇಳಿದೆಯೋ, ನಂಬದೆ ಹೇಳಿದೆಯೋ ಅನ್ನೋದು."

"ನಂಬಿದ್ದೆ. ಕ್ಷಮಿಸಿ."

"ಕ್ಷಮಿಸಿದರೆ ನಿನ್ನ ಮನಸ್ಸು ಹಗುರವಾಗುತ್ತದೆ. ನನಗೇನು ಸಿಗುತ್ತದೆ?" ಲೊರೇನ್ ಕೂಗಲಿಲ್ಲ, ಆದರೆ ಪ್ರತಿ ಮಾತೂ ಚುರುಕು ಮುಟ್ಟಿಸುವಂತಿತ್ತು. "ಅರವತ್ತರ ದಶಕದಲ್ಲಿ ನಮ್ಮಮ್ಮ ನಮ್ಮ ಜನಕ್ಕೆ ಮನೆ ಕೊಡದ ಅಪಾರ್ಟ್‌ಮೆಂಟುಗಳ ಮುಂದೆ ಫಲಕ ಹಿಡಿದು ನಿಲ್ಲುತ್ತಿದ್ದಳು. ಜನ ಉಗುಳುತ್ತಿದ್ದರು. ಅಂಥವರೆಲ್ಲ ನಿಂತದ್ದಕ್ಕೇ ಅರವತ್ತೆಂಟರಲ್ಲಿ ಕಾನೂನು ಬಂತು, ಬಣ್ಣ ನೋಡಿ ಮನೆ ಇಲ್ಲ ಅನ್ನಬಾರದು ಅಂತ. ಆ ಬಾಗಿಲಲ್ಲೇ ನಿಮ್ಮವರೂ ಒಳಗೆ ಬಂದರು. ಬಂದು, ಒಳಗಿನಿಂದ ಚಿಲಕ ಹಾಕಿಕೊಂಡರು."

ಲೊರೇನ್ ಒಮ್ಮೆ ಒಳಗಿನ ಹುಡುಗಿಯರತ್ತ ನೋಡಿ ಮುಂದುವರಿಸಿದರು.

"ನಮ್ಮಮ್ಮ ಕಟ್ಟಿದ ಮಹಿಳಾ ಸಂಘ ಇನ್ನೂ ಇದೆ. ಅವತ್ತು ಸಂಜೆಯೇ ಸಂಘದಿಂದ ಬಿಳಿಯ ದಂಪತಿಯನ್ನು ಕೊಳ್ಳುವವರ ಹಾಗೆ ನಿಮ್ಮ ಕಚೇರಿಗೆ ಕಳಿಸಿದೆವು. ಮನೆ ಇದೆ, ಬನ್ನಿ ಅಂದರಂತೆ. ಸರ್ಕಾರಕ್ಕೆ ದೂರು ಕೊಟ್ಟಿದ್ದೇವೆ, ವಿಚಾರಣೆ ಆಗುತ್ತದೆ. ಏನೋ ತಪ್ಪು ತಿಳಿವಳಿಕೆ ಅಂತ ನಿಮ್ಮ ಕಚೇರಿಯ ಯಜಮಾನರು ಹೇಳುತ್ತಾರೆ. ನೀನು ಇಲ್ಲಿ ಮೆಟ್ಟಿಲ ಮೇಲೆ ಹೇಳಿದ್ದನ್ನು ಅಲ್ಲಿ ಹೇಳು." ಅಷ್ಟು ಹೇಳಿ ಅವರು ಒಳಗೆ ಹೋದರು. ಪಿಯಾನೊ ಮತ್ತೆ ಶುರುವಾಯಿತು.

ಸ್ಮಿತಾ ಕೆಲಸ ಬಿಟ್ಟಳು. ಸಾಕ್ಷಿ ಹೇಳುತ್ತಾಳೆಂಬ ಸುದ್ದಿ ಹಬ್ಬಿದ ಮೇಲೆ ಕನ್ನಡದವರ ಫೋನುಗಳು ಬಂದವು. "ನಮ್ಮೋರನ್ನೇ ಹಿಡಿದುಕೊಡ್ತೀಯಾ?" ಎಂದರು ಒಬ್ಬರು. ಹಿಂದಿನ ದೀಪಾವಳಿಗೆ ಅವಳಿಗೆ ಅರಿಶಿನ ಕುಂಕುಮ ಕೊಟ್ಟಿದ್ದ ಆಂಟಿ ಅವರು. ಆಮೇಲೆ ಫೋನುಗಳೂ ನಿಂತವು. ಆ ಮನೆಯನ್ನು ಅಷ್ಟರಲ್ಲಿ ಬೇರೆ ಯಾರೋ ಕೊಂಡಿದ್ದರು. ಪೆಟಿಫೋರ್ಡ್ ದಂಪತಿ ಇನ್ನೊಂದು ಬಡಾವಣೆಯಲ್ಲಿ ಮನೆ ಮಾಡಿದರು.

ವಿಚಾರಣೆಯ ದಿನ ಪವನ ಕಾರು ನಿಲ್ಲಿಸಿ, "ನಾ ಇಲ್ಲೇ ಇರ್ತೀನಿ" ಎಂದ. ಅವಳು ಒಬ್ಬಳೇ ಒಳಗೆ ನಡೆದಳು. ಬಾಗಿಲ ಹೊರಗೆ ತ್ಯಾಗರಾಜ ಕಾಯುತ್ತಿದ್ದರು. ಮುಖ ಇಳಿದುಹೋಗಿತ್ತು.

"ನನ್ನ ಮಗಳ ಹಾಗೆ ನೋಡ್ಕೊಂಡೆ ಸ್ಮಿತಾ. ಫೋನಲ್ಲಿ ಸರಿಯಾಗಿ ಕೇಳಿಸಲಿಲ್ಲ ಅನ್ನು, ಸಾಕು. ಇಪ್ಪತ್ತಾರು ವರ್ಷದ ದುಡಿಮೆ ಕಣಮ್ಮ."

"ಮಗಳ ಹಾಗೆ ಅಂತ ನಾನೂ ನಂಬಿದ್ದೆ ಅಂಕಲ್. ಅದಕ್ಕೇ ನನ್ನ ಕೈಲಿ ಸುಳ್ಳು ಹೇಳಿಸೋದು ನಿಮಗಷ್ಟು ಸುಲಭ ಆಯ್ತು."

ಒಳಗೆ ಮೂವರು ಅಧಿಕಾರಿಗಳು ಕೂತಿದ್ದರು. ಲೊರೇನ್ ಮುಂದಿನ ಸಾಲಿನಲ್ಲಿದ್ದರು, ಅವಳತ್ತ ನೋಡಲಿಲ್ಲ. ಸ್ಮಿತಾ ಪ್ರಮಾಣ ಮಾಡಿ ಕೂರುವಷ್ಟರಲ್ಲಿ ಹಿಂದಿನ ಬಾಗಿಲು ತೆರೆಯಿತು. ಪವನ ಬಂದು ಕೊನೆಯ ಸಾಲಿನಲ್ಲಿ ಕೂತ.

"ಮನೆ ಮಾರಾಟವಾಗಿದೆ ಎಂದು ಪೆಟಿಫೋರ್ಡ್ ಅವರಿಗೆ ಹೇಳಿದ್ದು ಯಾರು?" ಎಂದು ಕೇಳಿದರು ನಡುವೆ ಕೂತ ಅಧಿಕಾರಿ.

"ನಾನು."

"ಮಾರಾಟವಾಗಿತ್ತೇ?"

"ಇಲ್ಲ."

"ಹಾಗೆ ಹೇಳಲು ನಿಮಗೆ ಹೇಳಿದವರು?"

ಸ್ಮಿತಾ ಆಚೆ ಸಾಲಿನಲ್ಲಿ ಬಂದು ಕೂತಿದ್ದ ಅಂಕಲ್‌ರತ್ತ ನೇರವಾಗಿ ತಿರುಗಿದಳು.

"ತ್ಯಾಗರಾಜ್" ಎಂದಳು. ಅವರನ್ನು ಅಂಕಲ್ ಎನ್ನದೆ ಹೆಸರು ಹಿಡಿದು ಕರೆದದ್ದು ಅದೇ ಮೊದಲು.